ಸ್ಟಿಯರಿಂಗ್ ಬಲಕ್ಕಿದ್ದರೆ ಸಾಲದು, ಚಾಸಿ ಸಂಖ್ಯೆ ಕೇಳಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಹಳೆಯ ಕಾರುಗಳ ಮೆರವಣಿಗೆಯ ಬಗ್ಗೆ ಬಂದ ಚಿತ್ರಲೇಖನ ಸೊಗಸಾಗಿತ್ತು. ಆದರೆ ಜಾಗ್ವಾರ್ ಕಂಪನಿಯ ಇ-ಟೈಪ್ ಎಂಬ ಸ್ಪೋರ್ಟ್ಸ್ ಕಾರಿನ ಚಿತ್ರದ ಅಡಿಬರಹವನ್ನು ಹಾಗೆಯೇ ಬಿಡಲು ನನ್ನಿಂದಾಗುತ್ತಿಲ್ಲ. ಸ್ಟಿಯರಿಂಗ್ ಬಲಕ್ಕಿರುವುದರಿಂದ ಅದು ಇಂಗ್ಲೆಂಡಿನ ರಸ್ತೆಗೆಂದೇ ತಯಾರಾದ ಕಾರು, ಆದ್ದರಿಂದ ಬಲು ಅಪರೂಪ ಎಂದು ಬರೆಯಲಾಗಿದೆ. ಆ ಕಾರು ಹಾಗಿರಲೂಬಹುದು. ಸ್ಟಿಯರಿಂಗ್ ಒಂದನ್ನೇ ನೋಡಿ ಅದನ್ನು ಹೇಳಲು ಮಾತ್ರ ಯಾರಿಗೂ ಸಾಧ್ಯವಿಲ್ಲ.

ನಾನು ಹಾಸನದವಳು. ಮದುವೆಯಾದ ಮೇಲೆ ಇಂಗ್ಲೆಂಡಿನ ಕೊವೆಂಟ್ರಿಗೆ ಬಂದು ನೆಲೆಸಿದ್ದೇನೆ. ಇಲ್ಲಿ ಹಳೆಯ ಕಾರುಗಳಿಗೆ ಮರುಜೀವ ಕೊಡುವ ಒಂದು ಗ್ಯಾರೇಜಿನಲ್ಲಿ ಲೆಕ್ಕ ಬರೆಯುತ್ತೇನೆ. ಸ್ಪ್ಯಾನರ್ ಹಿಡಿಯಲು ನನಗೆ ಬರುವುದಿಲ್ಲ, ಕಲಿಯುವ ಆಸೆಯೂ ಇಲ್ಲ. ಆದರೆ ಪ್ರತಿ ಕಾರಿನ ಜೊತೆ ಒಂದು ಕಡತ ಬರುತ್ತದೆ, ಆ ಕಡತ ನೇರವಾಗಿ ನನ್ನ ಮೇಜಿಗೆ ಬರುತ್ತದೆ. ಕಾರು ಎಷ್ಟೇ ಥಳಥಳಿಸಲಿ, ಹಳೆಯ ಬಿಲ್ಲುಗಳು ಸುಳ್ಳು ಹೇಳುವುದು ಕಡಿಮೆ.

ಇ-ಟೈಪ್ ಮೊದಲು ಪ್ರದರ್ಶನಗೊಂಡದ್ದು 1961ರ ಮಾರ್ಚ್‌ನಲ್ಲಿ, ಜಿನೀವಾದಲ್ಲಿ. ತಯಾರಾದದ್ದು ನಮ್ಮ ಊರಿನ ಬ್ರೌನ್ಸ್ ಲೇನ್ ಕಾರ್ಖಾನೆಯಲ್ಲಿ. 1974ರವರೆಗೆ 70 ಸಾವಿರಕ್ಕೂ ಹೆಚ್ಚು ಕಾರುಗಳು ಹೊರಬಂದವು. ಅವುಗಳಲ್ಲಿ ಬಹುಪಾಲು ಹಡಗು ಹತ್ತಿ ಅಮೆರಿಕಕ್ಕೆ ಹೋದವು, ಅಂದರೆ ಎಡ ಸ್ಟಿಯರಿಂಗ್‌ನವು. ಮೊದಲ 3.8 ಲೀಟರ್ ಎಂಜಿನ್ನಿನ ತೆರೆದ ಮಾದರಿಯನ್ನೇ ನೋಡಿ: ಸುಮಾರು 7,800 ಕಾರುಗಳಲ್ಲಿ ಬಲ ಸ್ಟಿಯರಿಂಗ್‌ನವು ಸಾವಿರವೂ ಇಲ್ಲ. 1980ರ ದಶಕದ ಕೊನೆಯಲ್ಲಿ ಹಳೆಯ ಕಾರುಗಳ ಬೆಲೆ ಏರಿದಾಗ ಅಮೆರಿಕದಿಂದ, ಅದರಲ್ಲೂ ತುಕ್ಕು ಕಡಿಮೆ ಹಿಡಿಯುವ ಒಣ ಹವೆಯ ಕ್ಯಾಲಿಫೋರ್ನಿಯಾದಿಂದ, ಕಾರುಗಳು ತವರಿಗೆ ಮರಳತೊಡಗಿದವು. ಇಲ್ಲಿ ಸ್ಟಿಯರಿಂಗ್ ಬಲಕ್ಕೆ ಬಂತು. ಜಾಗ್ವಾರ್ ಎರಡೂ ಬಗೆಯ ಕಾರುಗಳನ್ನು ತಯಾರಿಸಿದ್ದರಿಂದ ಬಿಡಿಭಾಗಗಳಿಗೆ ಕೊರತೆಯಿರಲಿಲ್ಲ. ಒಳ್ಳೆಯ ಕೆಲಸಗಾರ ಮಾಡಿದ ಬದಲಾವಣೆಯನ್ನು ಸೀಟಿನಲ್ಲಿ ಕುಳಿತು ಕಂಡುಹಿಡಿಯುವುದು ಕಷ್ಟ. ಸ್ಪೀಡೋಮೀಟರ್ ಕೂಡ ಸುಳಿವು ಕೊಡುವುದಿಲ್ಲ, ಏಕೆಂದರೆ ಎರಡೂ ದೇಶಗಳಲ್ಲಿ ಲೆಕ್ಕ ಮೈಲಿಯದೇ.

ಒಬ್ಬ ನಿವೃತ್ತ ದಂತವೈದ್ಯರು 1963ರ ಕಡುನೀಲಿ ರೋಡ್‌ಸ್ಟರ್, ಅಂದರೆ ತೆರೆದ ಮಾದರಿಯ ಇ-ಟೈಪ್, ತಂದಿದ್ದರು. ಇಂಗ್ಲೆಂಡಿನಲ್ಲೇ ಹುಟ್ಟಿ ಬೆಳೆದ ಕಾರೆಂದು ನಂಬಿ, ಅದಕ್ಕೆ ತಕ್ಕ ದುಬಾರಿ ಬೆಲೆ ಕೊಟ್ಟು ಕೊಂಡಿದ್ದರು. ಕಡತ ಇಟ್ಟಿಗೆಯಷ್ಟು ದಪ್ಪ. ಆದರೆ 1989ಕ್ಕಿಂತ ಹಿಂದಿನ ಒಂದು ಚೀಟಿಯೂ ಅದರಲ್ಲಿರಲಿಲ್ಲ. ಇಪ್ಪತ್ತಾರು ವರ್ಷ ಇದೇ ದೇಶದಲ್ಲಿ ಓಡಿದ ಕಾರಿಗೆ ಒಂದು ಟೈರಿನ ರಸೀದಿಯೂ ಬೇಡವೇ? 1989ರ ಮೊದಲ ಬಿಲ್ಲಿನಲ್ಲೇ ಬಲಬದಿಯ ಸ್ಟಿಯರಿಂಗ್ ರ್ಯಾಕ್, ಬಲಬದಿಯ ಪೆಡಲ್ ಬಾಕ್ಸ್, ಡ್ಯಾಶ್‌ಬೋರ್ಡಿನ ಫಲಕಗಳು, ಒಂದು ಜೊತೆ ಹೆಡ್‌ಲ್ಯಾಂಪ್ ಒಟ್ಟಿಗೇ ಇದ್ದವು. ರ್ಯಾಕ್ ಒಂದೇ ಆಗಿದ್ದರೆ ಸವೆದಿರಬೇಕು ಎಂದುಕೊಳ್ಳಬಹುದಿತ್ತು. ನಾಲ್ಕೂ ಒಂದೇ ದಿನ ಸವೆಯುವುದಿಲ್ಲ.

ಇನ್ನು ಉಳಿದದ್ದು ಚಾಸಿ ಸಂಖ್ಯೆ. ಆ ಕಾಲದ ತೆರೆದ ಕಾರಿಗೆ ಬಲ ಸ್ಟಿಯರಿಂಗ್ ಆದರೆ 850001ರಿಂದ, ಎಡ ಸ್ಟಿಯರಿಂಗ್ ಆದರೆ 875001ರಿಂದ ಸಂಖ್ಯೆ ಕೊಡುತ್ತಿದ್ದರು. ಮುಚ್ಚಿದ ಕೂಪೆ ಮಾದರಿಗೆ ಕ್ರಮವಾಗಿ 860001 ಮತ್ತು 885001ರಿಂದ. ನಮ್ಮ ದಂತವೈದ್ಯರ ಕಾರಿನದು 87ರಿಂದ ಆರಂಭವಾಗುತ್ತಿತ್ತು. ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ಕಾರ್ಖಾನೆಯ ಮೂಲ ದಾಖಲೆ ನೋಡಿ ಪ್ರಮಾಣಪತ್ರ ಕೊಡುತ್ತದೆ. ಅದು ಬಂದಾಗ ಕಾರು ಹೋದದ್ದು ನ್ಯೂಯಾರ್ಕಿಗೆ ಎಂದು ಗೊತ್ತಾಯಿತು. ಮೂಲ ಬಣ್ಣವೂ ನೀಲಿಯಲ್ಲ. ಅವರು ಆ ಹಾಳೆಯನ್ನು ಮಡಿಚಿ ಜೇಬಿಗಿಟ್ಟುಕೊಂಡು, ಎಂಜಿನ್ ಎಣ್ಣೆ ಬದಲಿಸಲು ಎಷ್ಟಾಗುತ್ತದೆ ಎಂದು ಕೇಳಿದರು. ಬ್ರಿಟಿಷರ ದುಃಖ ಹಾಗಿರುತ್ತದೆ.

ಸಂಖ್ಯೆಯನ್ನೂ ಕಣ್ಣುಮುಚ್ಚಿ ನಂಬಬಾರದು ಎಂಬುದನ್ನು ಇಲ್ಲೇ ಹೇಳಬೇಕು. ಇ-ಟೈಪ್‌ನಲ್ಲಿ ಅದನ್ನು ಒತ್ತಿರುವುದು ಮುಂಭಾಗದ ಫ್ರೇಮಿನ ಬಲಬದಿಯಲ್ಲಿ, ಶಾಕ್ ಅಬ್ಸಾರ್ಬರ್ ಕೂರುವ ಜಾಗದ ಮೇಲೆ. ಆ ಫ್ರೇಮನ್ನು ಬೋಲ್ಟ್ ಹಾಕಿ ಜೋಡಿಸಿರುತ್ತಾರೆ, ಬಿಚ್ಚಿ ಬೇರೆಯದನ್ನು ಹಾಕಬಹುದು. ಆದ್ದರಿಂದ ಎಂಜಿನ್, ಗೇರ್‌ಬಾಕ್ಸ್, ಬಾಡಿ ಸಂಖ್ಯೆಗಳೂ ಪ್ರಮಾಣಪತ್ರದ ಜೊತೆ ತಾಳೆಯಾಗಬೇಕು. ಬ್ರಿಟನ್ನಿನ ನೋಂದಣಿ ಪತ್ರದಲ್ಲೂ ಸುಳಿವಿದೆ: ಕಾರು ತಯಾರಾದದ್ದು 1963, ಈ ದೇಶದಲ್ಲಿ ಮೊದಲು ನೋಂದಣಿಯಾದದ್ದು 1989 ಎಂದಿದ್ದರೆ ನಡುವಿನ ವರ್ಷಗಳನ್ನು ಅದು ಬೇರೆಲ್ಲೋ ಕಳೆದಿದೆ ಎಂದೇ ಅರ್ಥ. 1968ರ ನಂತರದ ಆರು ಸಿಲಿಂಡರಿನ ಕಾರಾದರೆ ಕಾರ್ಬ್ಯುರೇಟರ್, ಅಂದರೆ ಎಂಜಿನ್ನಿಗೆ ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಕೊಡುವ ಭಾಗ, ನೋಡಿ. ಅಮೆರಿಕದ ಹೊಗೆ ನಿಯಮಕ್ಕಾಗಿ ಅಲ್ಲಿಗೆ ಹೋಗುವ ಕಾರುಗಳಿಗೆ ಸ್ಟ್ರಾಂಬರ್ಗ್ ಹೆಸರಿನವು ಎರಡು ಹಾಕುತ್ತಿದ್ದರು, ಇಲ್ಲಿನವಕ್ಕೆ ಎಸ್‌ಯು ಹೆಸರಿನವು ಮೂರು. ಅವನ್ನು ಬದಲಿಸಿದ್ದರೂ, ಅಮೆರಿಕಕ್ಕೆ ಹೋದ ಕಾರುಗಳಲ್ಲಿ ಬದಿಯ ದೀಪಗಳಿಗಾಗಿ ಕೊರೆದ ತೂತುಗಳನ್ನು ಮುಚ್ಚಿದ ಗುರುತು ಬಣ್ಣದಡಿ ಸಿಗಬಹುದು.

ಬೇರೆ ಕಂಪನಿಗಳ ಪದ್ಧತಿ ಬೇರೆ. ಆಸ್ಟಿನ್ ಹೀಲಿ 3000 ಕಾರಿನ ಸಂಖ್ಯೆಯಲ್ಲಿ ಎಲ್ ಅಕ್ಷರವಿದ್ದರೆ ಎಡ ಸ್ಟಿಯರಿಂಗ್. 1960ರ ದಶಕದ ಮರ್ಸಿಡಿಸ್ ಎಸ್‌ಎಲ್‌ನಲ್ಲಿ ಮಾದರಿ ಸಂಖ್ಯೆಯ ನಂತರದ ಅಂಕಿ 1 ಇದ್ದರೆ ಎಡ, 2 ಇದ್ದರೆ ಬಲ. ಷೆವರ್ಲೆ ಕಾರ್ವೆಟ್ ಅಂತೂ ಎಂಟನೆಯ ತಲೆಮಾರು ಬರುವ ತನಕ ಬಲ ಸ್ಟಿಯರಿಂಗ್‌ನೊಂದಿಗೆ ಕಾರ್ಖಾನೆಯಿಂದ ಬಂದದ್ದೇ ಇಲ್ಲ; ಹಳೆಯದನ್ನು ಯಾರಾದರೂ ಅಸಲಿ ಬಲ ಸ್ಟಿಯರಿಂಗ್ ಎಂದರೆ ನಕ್ಕು ಮುಂದೆ ಹೋಗಿ.

ಸ್ಟಿಯರಿಂಗ್ ಬದಲಿಸುವುದು ಅಪರಾಧವೆಂದು ನಾನು ಹೇಳುತ್ತಿಲ್ಲ. ಎಡಕ್ಕೆ ಚಲಿಸುವ ರಸ್ತೆಯಲ್ಲಿ ಲಾರಿಯನ್ನು ಹಿಂದಿಕ್ಕಲು ಚಾಲಕ ಬಲಕ್ಕಿದ್ದರೇ ಕ್ಷೇಮ, ಅದಕ್ಕಾಗಿ ಬದಲಿಸಿದವರನ್ನು ನಾನು ದೂರುವುದಿಲ್ಲ. ಮಾರುವಾಗ ಅದನ್ನು ನುಂಗಿಕೊಳ್ಳುವವರ ಮೇಲೆ ನನಗೆ ಸಿಟ್ಟು.

ಇದು ಇಂಗ್ಲೆಂಡಿನ ಶ್ರೀಮಂತರ ಜಗಳ, ಕನ್ನಡಿಗರಿಗೇಕೆ ಎಂದು ಕೇಳಬಹುದು. ಭಾರತದಲ್ಲಿ 2021ರಿಂದ, ಐವತ್ತು ವರ್ಷ ದಾಟಿದ ಖಾಸಗಿ ವಾಹನಗಳಿಗೆ ವಿಂಟೇಜ್ ನೋಂದಣಿಯ ಪ್ರತ್ಯೇಕ ನಿಯಮಗಳಿವೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಫಲಕದಲ್ಲಿ ರಾಜ್ಯದ ಅಕ್ಷರಗಳ ನಂತರ ವಿಎ. ವಾಹನ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು ಎನ್ನುತ್ತದೆ ನಿಯಮ. ಎಡ ಸ್ಟಿಯರಿಂಗ್‌ನ ವಾಹನವನ್ನು ಓಡಿಸಲೇಬಾರದೆಂದು ಮೋಟಾರು ವಾಹನ ಕಾಯ್ದೆಯೂ ಹೇಳುವುದಿಲ್ಲ. 120ನೇ ಸೆಕ್ಷನ್ ಕೇಳುವುದು ಸರಿಯಾಗಿ ಕೆಲಸ ಮಾಡುವ ಸಿಗ್ನಲ್ ಸಾಧನವನ್ನು. ಹಾಗಿರುವಾಗ ಬದಲಿಸಿದ್ದನ್ನು ಮುಚ್ಚಿಡುವ ಅಗತ್ಯವೇನು?

ಬೆಂಗಳೂರು, ಮೈಸೂರುಗಳಲ್ಲಿ ಇಂತಹ ಮೆರವಣಿಗೆ ಏರ್ಪಡಿಸುವವರು ಕಾರಿನ ಮುಂದಿನ ಫಲಕದಲ್ಲಿ ತಯಾರಾದ ವರ್ಷದ ಜೊತೆ, ಕಾರ್ಖಾನೆಯಿಂದ ಹೊರಟಾಗ ಸ್ಟಿಯರಿಂಗ್ ಯಾವ ಕಡೆಗಿತ್ತು ಎಂಬುದನ್ನೂ ಬರೆಸಲಿ. ಅಸಲಿತನಕ್ಕೆ ಬಹುಮಾನ ಕೊಡುವ ತೀರ್ಪುಗಾರರು ಕಾರ್ಖಾನೆಯ ದಾಖಲೆಯ ಪ್ರಮಾಣಪತ್ರ ಕೇಳಲಿ. ಅದನ್ನು ತರಿಸಿಕೊಳ್ಳಬೇಕಾದವರು ಮಾಲೀಕರು, ಮೆರವಣಿಗೆಯ ಹಿಂದಿನ ವಾರ ಹೊರಟರೆ ಆಗುವ ಕೆಲಸವಲ್ಲ.

ಹಾಸನ ಮೂಲದ ಓದುಗರು, ಕೊವೆಂಟ್ರಿ