ಹಳೆಯ ಪುಸ್ತಕಗಳನ್ನು ಕಟಿಂಗ್ ಮೆಷಿನ್‌ಗೆ ಕೊಡಬೇಡಿ

ಮಾನ್ಯ ಸಂಪಾದಕರೇ,

ನಮ್ಮ ರಾಜ್ಯದ ಹಳೆಯ ಸಾರ್ವಜನಿಕ ಗ್ರಂಥಾಲಯಗಳಲ್ಲಿ ನೂರು ವರ್ಷ ದಾಟಿದ ಪುಸ್ತಕಗಳಿವೆ. ರಿಪೇರಿ ಹೆಸರಿನಲ್ಲಿ ಅವನ್ನು ಸಾಮಾನ್ಯ ಬೈಂಡಿಂಗ್ ಟೆಂಡರ್‌ಗೆ ಸೇರಿಸುವುದನ್ನು ದಯವಿಟ್ಟು ನಿಲ್ಲಿಸಬೇಕು. ಈ ಪತ್ರ ಬರೆಯುತ್ತಿರುವುದು ಅದಕ್ಕೇ. ನಾನು ಬೆಂಗಳೂರಿನ ಕಾಟನ್‌ಪೇಟೆಯಲ್ಲಿ ಬುಕ್ ಬೈಂಡಿಂಗ್ ಮಾಡಿ ಸಂಸಾರ ಸಾಕಿದವನು. ವಯಸ್ಸಾಯಿತು, ಅಂಗಡಿ ಮುಚ್ಚಿದ್ದೇನೆ. ಆದರೂ ಯಾವ ಪುಸ್ತಕ ಕೈಗೆ ಬಂದರೂ ಮೊದಲು ಅದರ ಬೆನ್ನು ನೋಡುತ್ತೇನೆ, ಆಮೇಲೆ ಹೆಸರು.

ಮೊನ್ನೆ ಮೊಮ್ಮಗಳ ಜೊತೆ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಹೋಗಿದ್ದೆ. ಅವಳು ಇತಿಹಾಸದಲ್ಲಿ ಎಂ.ಎ. ಮಾಡುತ್ತಿದ್ದಾಳೆ. ನಮ್ಮ ಹಿರಿಯರದು ಮಾಲೂರು ತಾಲ್ಲೂಕು. ಆ ಕಡೆಯ ಶಾಸನಗಳ ಮೇಲೆ ಏನೋ ಬರೆಯಬೇಕಂತೆ. ‘ತಾತ, ನೀನೂ ಬಾ, ಹಳೇ ಪುಸ್ತಕ ಅಂದ್ರೆ ನಿಂಗೆ ಇಷ್ಟ ಅಲ್ವಾ’ ಅಂದಳು. ವಿಧಾನಸೌಧ ಮೆಟ್ರೊ ನಿಲ್ದಾಣದಲ್ಲಿ ಇಳಿದು, ಹೈಕೋರ್ಟ್ ಬಳಸಿಕೊಂಡು ಮರಗಳ ನೆರಳಲ್ಲಿ ನಡೆದರೆ ಆ ಕೆಂಪು ಕಟ್ಟಡ ಸಿಗುತ್ತದೆ. ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರ ನೆನಪಿಗೆ ಕಟ್ಟಿಸಿದ್ದು. ಮುಂದೆ ಅವರ ಪ್ರತಿಮೆ ಇದೆ. 1913ರಲ್ಲಿ ವೈಸರಾಯ್ ಹಾರ್ಡಿಂಜ್ ಬಂದು ಅದನ್ನು ಅನಾವರಣ ಮಾಡಿದರು. ಕಟ್ಟಡ ಮುಗಿದದ್ದು 1915ರಲ್ಲಿ. ಆಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯನವರು. ಅದು ಊರಿನ ಎಲ್ಲರಿಗೂ ತೆರೆದ ಲೈಬ್ರರಿ ಆಗಿದ್ದು ಅವರ ಕಾಲದಲ್ಲೇ. ಒಳಗೆ ಸೂರು ಎತ್ತರ. ಹೊರಗೆ ಎಷ್ಟೇ ಬಿಸಿಲಿದ್ದರೂ ಅಲ್ಲಿ ತಂಪು. ಪೇಪರ್ ಓದುವ ಹಿರಿಯರು, ಕೆಎಎಸ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು, ಮಧ್ಯಾಹ್ನದ ಹೊತ್ತಿಗೆ ಕುರ್ಚಿ ಖಾಲಿ ಇರಲಿಲ್ಲ. ನೋಡಿ ಸಂತೋಷ ಆಯಿತು.

ಮೊಮ್ಮಗಳು ಕೇಳಿದ್ದು ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೇ ಸಂಪುಟ. ಕೋಲಾರ ಜಿಲ್ಲೆಯ ಶಾಸನಗಳು, 1905ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾದದ್ದು. ಸಿಬ್ಬಂದಿ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದು ಮೇಜಿನ ಮೇಲೆ ಇಟ್ಟರು. ‘ನಿಧಾನ ತಿರುಗಿಸಿ, ಅಂಚು ಒಡೆಯುತ್ತೆ’ ಅಂದರು. ಆ ಮಾತು ಕೇಳಿ ಅವರಿಗೆ ಅಲ್ಲೇ ಕೈ ಮುಗಿಯಬೇಕು ಅನ್ನಿಸಿತು.

ಮೊಮ್ಮಗಳು ಶಾಸನ ಹುಡುಕುವಾಗ ನಾನು ಹೊಲಿಗೆ ನೋಡುತ್ತಿದ್ದೆ. ದೊಡ್ಡ ಅಳತೆಯ ದಪ್ಪ ಪುಸ್ತಕ. ನಡುವೆ ಎಲ್ಲಿ ತೆರೆದರೂ ಎರಡೂ ಕಡೆಯ ಪುಟಗಳು ಮೇಜಿನ ಮೇಲೆ ಮಟ್ಟಸವಾಗಿ ಮಲಗುತ್ತಿದ್ದವು. ಕೈಯಿಂದ ಒತ್ತಿ ಹಿಡಿಯುವುದೇ ಬೇಡ. ಅಚ್ಚಾದ ಹಾಳೆಯನ್ನು ಮಡಿಚಿ ಫಾರಂ ಮಾಡಿ, ಪ್ರತಿ ಫಾರಮ್ಮಿನ ಮಡಿಕೆಯ ನಡುವೆ ಸೂಜಿ ಹಾಯಿಸಿ, ಒಂದಕ್ಕೊಂದು ಕಟ್ಟುತ್ತಾ ಹೋಗಿದ್ದಾರೆ. ಮಡಿಕೆಯ ಗೆರೆಯಲ್ಲಿ ದಾರ ಇನ್ನೂ ಬಿಗಿಯಾಗಿದೆ. ಕಾಗದ ಮಾತ್ರ ಕಂದಾಗಿದೆ. ಸುತ್ತ ಧಾರಾಳವಾಗಿ ಮಾರ್ಜಿನ್ ಬಿಟ್ಟಿದ್ದಾರೆ. ಅಂಚು ಚೂರು ಮುರಿದಿದ್ದರೂ ಅಕ್ಷರಕ್ಕೆ ಧಕ್ಕೆ ಆಗಿಲ್ಲ. ಇದೇ ಪ್ರೆಸ್ಸಿನಲ್ಲಿ 1894ರಲ್ಲಿ ಕಿಟೆಲ್ ಅವರ ನಿಘಂಟು ಅಚ್ಚಾಯಿತು, 1,700ಕ್ಕೂ ಹೆಚ್ಚು ಪುಟ. ಅಷ್ಟು ದಪ್ಪದ ಪುಸ್ತಕ ಸಾವಿರಾರು ಸಲ ತೆರೆದು ಮುಚ್ಚಿದರೂ ತಾಳಬೇಕಾದರೆ ಹೊಲಿಗೆ ಹಾಗಿರಲೇಬೇಕು.

ಈ ಸಂಪುಟಗಳು ಯಾಕೆ ಮುಖ್ಯ ಅಂತ ಎರಡು ಮಾತು. ಬೆಂಗಳೂರಿನಲ್ಲೇ ಹುಟ್ಟಿದ ರೈಸ್, ಮೈಸೂರು ಸೀಮೆಯ ಮತ್ತು ಕೊಡಗಿನ ಶಾಸನಗಳನ್ನು ಓದಿಸಿ, ನಕಲು ಮಾಡಿಸಿ, 1886ರಿಂದ ಶುರುಮಾಡಿ 12 ಸಂಪುಟ ಹೊರತಂದರು. ಯಾವ ಊರಿನ ಯಾವ ಗುಡಿಯ ಮುಂದೆ, ಯಾರ ಹೊಲದಲ್ಲಿ ಕಲ್ಲು ನಿಂತಿದೆ ಅನ್ನುವುದೂ ಅದರಲ್ಲಿದೆ. ಶಾಸನದ ಮಾತು ಕನ್ನಡದಲ್ಲೂ ಇದೆ, ರೋಮನ್ ಅಕ್ಷರದಲ್ಲೂ ಇದೆ, ಇಂಗ್ಲಿಷ್ ಅನುವಾದವೂ ಇದೆ. ಒಂಬತ್ತನೇ ಸಂಪುಟ ಬೆಂಗಳೂರು ಜಿಲ್ಲೆಯದು. ಅವರು ಆಗ ದಾಖಲಿಸಿದ ಎಷ್ಟೋ ಕಲ್ಲುಗಳು ಈಗ ಇಲ್ಲವೇ ಇಲ್ಲ. ರಸ್ತೆ ಅಗಲವಾಯಿತು, ಲೇಔಟ್ ಬಂತು, ಕಲ್ಲು ಎಲ್ಲೋ ಪಾಯ ಸೇರಿತು. ಅಂಥ ಊರುಗಳಿಗೆ ಈಗ ಪುಸ್ತಕವೇ ಸಾಕ್ಷಿ. ನಮ್ಮ ಮಾಲೂರು ಕಡೆಯ ಒಂದು ವೀರಗಲ್ಲಿನ ಮಾತನ್ನು ಮೊಮ್ಮಗಳು ಮೆಲ್ಲಗೆ ಓದಿ ಹೇಳಿದಳು. ಪಕ್ಕದ ಮೇಜಿನ ಹುಡುಗ ತನ್ನ ಗೈಡ್ ಮುಚ್ಚಿಟ್ಟು ಎದ್ದು ಬಂದು ಕೇಳಿಸಿಕೊಂಡ. ಅವನದು ಬಂಗಾರಪೇಟೆಯಂತೆ. ತನ್ನ ಊರೂ ಇದೆಯಾ ನೋಡಿ ಅಂದ. ಇತ್ತು.

ಈಗ ಬೇಸರದ ವಿಷಯಕ್ಕೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಬೇರೊಂದು ಊರಿನ ಹಳೆಯ ಲೈಬ್ರರಿಗೆ ಹೋಗಿದ್ದೆ. ಯಾವ ಊರು ಅನ್ನುವುದು ಇಲ್ಲಿ ಬೇಡ, ಯಾಕೆಂದರೆ ಈ ತೊಂದರೆ ಒಂದೇ ಕಡೆಯದಲ್ಲ. ಅಲ್ಲಿ ಇದೇ ಕಾಲದ ಪುಸ್ತಕಗಳು ಹೊಸ ರಟ್ಟು, ಹೊಸ ರೆಕ್ಸಿನ್ ಹಾಕಿಕೊಂಡು ಸಾಲಾಗಿ ನಿಂತಿದ್ದವು. ನೋಡಲು ಚೆನ್ನ. ಒಂದನ್ನು ತೆರೆಯಲು ಹೋದೆ, ಅರ್ಧಕ್ಕಿಂತ ಜಾಸ್ತಿ ತೆರೆಯಲಿಲ್ಲ. ಹಳೆಯ ಹೊಲಿಗೆ ಬಿಚ್ಚಿ, ಬೆನ್ನು ಕತ್ತರಿಸಿ, ಬಿಡಿ ಹಾಳೆಗಳನ್ನು ಒಟ್ಟು ಮಾಡಿ, ಪಕ್ಕದಿಂದ ದಬ್ಬಳದಲ್ಲಿ ತೂತು ಹೊಡೆದು ಸೈಡ್ ಹೊಲಿಗೆ ಹಾಕಿದ್ದರು. ಸಾಲದು ಅಂತ ಉಳಿದ ಮೂರು ಕಡೆಯನ್ನೂ ಕಟಿಂಗ್ ಮೆಷಿನ್‌ಗೆ ಕೊಟ್ಟು ಸಮ ಮಾಡಿಸಿದ್ದರು. ಮೇಲಿನ ಪುಟಸಂಖ್ಯೆ ಅರ್ಧ ಹೋಗಿತ್ತು. ಹಿಂದೆ ಯಾರೋ ವಿದ್ವಾಂಸರು ಮಾರ್ಜಿನ್‌ನಲ್ಲಿ ಪೆನ್ಸಿಲ್‌ನಿಂದ ಬರೆದ ಟಿಪ್ಪಣಿಗಳ ತುದಿಗಳು ಮಾತ್ರ ಉಳಿದಿದ್ದವು. ಮೊದಲ ಪುಟ ಹರಿದಿದ್ದಕ್ಕೆ ಅದನ್ನೇ ಎಸೆದುಬಿಟ್ಟಿದ್ದರು. ಪುಸ್ತಕದ ಹೆಸರು, ಪ್ರೆಸ್ಸು, ಇಸವಿ ಎಲ್ಲ ಇರುವುದು ಆ ಪುಟದಲ್ಲೇ ಅಲ್ವಾ?

ಇದರಲ್ಲಿ ಬೈಂಡರ್‌ಗಳನ್ನು ಬೈದು ಪ್ರಯೋಜನವಿಲ್ಲ. ಟೆಂಡರ್‌ನಲ್ಲಿ ಕ್ರೌನ್ ಸೈಜಿಗೆ ಇಷ್ಟು, ಡೆಮಿ ಸೈಜಿಗೆ ಇಷ್ಟು ಅಂತ ರೇಟು. ಎಲ್ಲರಿಗಿಂತ ಕಡಿಮೆ ಬರೆದವನಿಗೆ ಕೆಲಸ. ಹತ್ತು ಸಲ ಕೈ ಬದಲಾಗುವ ಕಾದಂಬರಿ, ನೂರು ವರ್ಷದ ಶಾಸನ ಸಂಪುಟ, ಎರಡೂ ಒಂದೇ ಮೂಟೆಯಲ್ಲಿ ಬರುತ್ತವೆ. ಫಾರಂ ಫಾರಂ ಹೊಲಿಯುತ್ತಾ ಕೂತರೆ ಆ ರೇಟಿಗೆ ಕೂಲಿ ಹುಟ್ಟುವುದಿಲ್ಲ. ಸೈಡ್ ಹೊಲಿಗೆ ಬೇಗ ಮುಗಿಯುತ್ತದೆ, ಗಟ್ಟಿಯೂ ಇರುತ್ತದೆ. ಹೊಸ ಕಾಗದಕ್ಕೆ ಅದರಿಂದ ತೊಂದರೆ ಇಲ್ಲ. ಹಳೆಯ ಕಾಗದದ ಕಥೆ ಬೇರೆ.

ಹಿಂದೆ ಕಾಗದ ಮಾಡುತ್ತಿದ್ದುದು ಹತ್ತಿ ಬಟ್ಟೆಯ ಚಿಂದಿಯಿಂದ. 19ನೇ ಶತಮಾನದ ಕೊನೆಯ ಹೊತ್ತಿಗೆ ಮರದ ತಿರುಳಿನ ಕಾಗದ ಎಲ್ಲೆಡೆ ಬಂತು. ಇಂಕು ಹರಡದಿರಲಿ ಅಂತ ಅದಕ್ಕೆ ಪಟಿಕ ಹಾಕುತ್ತಿದ್ದರು. ಆ ಪಟಿಕದಿಂದ ಕಾಗದದೊಳಗೆ ಆಮ್ಲ ಹುಟ್ಟಿ ವರ್ಷ ಕಳೆದ ಹಾಗೆ ನಾರು ಸಾಯುತ್ತದೆ. ಮೊದಲು ಹಳದಿ, ಆಮೇಲೆ ಕಂದು, ಕೊನೆಗೆ ಹಪ್ಪಳದ ಹಾಗೆ ಮುರಿಯುತ್ತದೆ. ಅದಕ್ಕೇ 1820ರ ಪುಸ್ತಕ ಬೆಳ್ಳಗಿದ್ದು 1920ರದ್ದು ಪುಡಿಯಾಗುವುದನ್ನು ನೋಡುತ್ತೇವೆ. ಇಂಥ ಕಾಗದಕ್ಕೆ ಸೈಡ್ ಹೊಲಿಗೆ ಹಾಕಿದರೆ ಪುಟ ತಿರುಗಿಸಿದಾಗೆಲ್ಲ ಹೊಲಿಗೆಯ ಗೆರೆಯಲ್ಲೇ ಬಾಗಬೇಕು. ಬಾಗುವ ಶಕ್ತಿ ಇಲ್ಲ. ಪಟ್ಟನೆ ಮುರಿದು ಕೈಗೆ ಬರುತ್ತದೆ.

ಸ್ಕ್ಯಾನ್ ಮಾಡಿಬಿಟ್ಟರೆ ಆಯಿತಲ್ಲ ಅನ್ನುವವರಿದ್ದಾರೆ. ಸ್ಕ್ಯಾನ್ ಆಗಲೇಬೇಕು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಸಾವಿರಾರು ಕನ್ನಡ ಪುಸ್ತಕಗಳು ಈಗ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಮೊಮ್ಮಗಳು ಮೊಬೈಲಿನಲ್ಲೇ ತೋರಿಸಿದಳು. ದೊಡ್ಡ ಉಪಕಾರ ಅದು. ಆದರೆ ಕೆಲವು ಪುಸ್ತಕಗಳಲ್ಲಿ ಪ್ರತಿ ಸಾಲಿನ ಒಳತುದಿಯ ಅಕ್ಷರಗಳು ಬೆನ್ನಿನ ಕಡೆ ಬಾಗಿ ಕತ್ತಲಲ್ಲಿ ಮುಳುಗಿವೆ. ನನಗೆ ನೋಡಿದ ಕೂಡಲೇ ಗೊತ್ತಾಯಿತು, ಸೈಡ್ ಹೊಲಿಗೆ. ಮೂಲ ಪುಸ್ತಕ ತೆರೆಯದಿದ್ದರೆ ಎಂಥ ಕ್ಯಾಮೆರಾ ತಂದರೂ ಅಕ್ಷರ ಸಿಗುವುದಿಲ್ಲ. ಬಲವಂತವಾಗಿ ಗಾಜಿನ ಮೇಲೆ ಬೋರಲು ಹಾಕಿ ಒತ್ತಿದರೆ ಬೆನ್ನು ಮುರಿಯುತ್ತದೆ. ಪುಸ್ತಕವನ್ನು ಅರ್ಧ ಮಾತ್ರ ತೆರೆದು ತೊಟ್ಟಿಲಿನಂಥ ಒರಗಿನಲ್ಲಿಟ್ಟು ಮೇಲಿನಿಂದ ಫೋಟೊ ತೆಗೆಯುವ ಯಂತ್ರಗಳಿವೆ. ಹಳೆಯ ಪುಸ್ತಕಕ್ಕೆ ಅಂಥದ್ದೇ ಬೇಕು.

ಹಾಗಾದರೆ ರಿಪೇರಿ ಹೇಗೆ? ಮುಕ್ಕಾಲು ಪುಸ್ತಕಗಳಿಗೆ ರಿಪೇರಿಯೇ ಬೇಡ. ಆಮ್ಲವಿಲ್ಲದ ರಟ್ಟಿನಲ್ಲಿ ಅಳತೆಗೆ ಸರಿಯಾಗಿ ಒಂದು ಪೆಟ್ಟಿಗೆ ಮಾಡಿ ಒಳಗಿಟ್ಟರೆ ಸಾಕು. ಧೂಳು, ಬೆಳಕು, ಹುಳು ದೂರ. ಹರಿದ ಪುಟಕ್ಕೆ ತೆಳು ಜಪಾನೀ ಟಿಶ್ಯೂ ಕಾಗದ, ತಿಳಿಯಾದ ಗೋಧಿ ಪಿಷ್ಟದ ಅಂಟು. ನಾಳೆ ಬೇಡ ಅನ್ನಿಸಿದರೆ ನೀರು ಮುಟ್ಟಿಸಿ ಬಿಡಿಸಬಹುದು. ಸೆಲೋ ಟೇಪನ್ನು ಹಾಗೆ ಬಿಡಿಸಲಾಗುವುದಿಲ್ಲ. ಅದರ ಗೋಂದು ಕಾಗದದೊಳಗೆ ಇಳಿದು ಎಣ್ಣೆ ಕಲೆಯಾಗುತ್ತದೆ. ಪ್ಲಾಸ್ಟಿಕ್ ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಅಂಟಿಗೆ ಹುಳು ಹಿಡಿಯದಿರಲಿ ಅಂತ ನಮ್ಮ ಕಸುಬಿನಲ್ಲಿ ಮೈಲುತುತ್ತ ಬೆರೆಸುವ ರೂಢಿ ಇದೆ. ದಿನಬಳಕೆಯ ಪುಸ್ತಕಕ್ಕೆ ಅದು ನಡೆಯುತ್ತದೆ, ಅಪರೂಪದ ಪುಸ್ತಕದ ಹತ್ತಿರ ತರಬಾರದು.

ಇದನ್ನೆಲ್ಲ ಬಲ್ಲವರು ದೂರದಲ್ಲಿಲ್ಲ. ಮೈಸೂರಿನಲ್ಲೇ ಕೇಂದ್ರ ಸರ್ಕಾರದ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯ ಇದೆ. ಗ್ರಂಥಾಲಯ ಇಲಾಖೆ ಅಲ್ಲಿನವರನ್ನು ಕರೆಸಿ ಪ್ರತಿ ಜಿಲ್ಲೆಯಿಂದ ಇಬ್ಬರಿಗಾದರೂ ತರಬೇತಿ ಕೊಡಿಸಬಹುದು. ಹಣ ಎಲ್ಲಿಂದ ಅನ್ನುವ ಪ್ರಶ್ನೆ ಬರುತ್ತದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಸೇರಿರುತ್ತದೆ. ನಾನೂ ವರ್ಷ ವರ್ಷ ಕಟ್ಟಿದ್ದೇನೆ. ಸ್ಥಳೀಯ ಸಂಸ್ಥೆಗಳು ಆ ಕರವನ್ನು ಬಾಕಿ ಉಳಿಸಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿರುತ್ತದೆ. ಜನ ಪುಸ್ತಕಕ್ಕೆಂದು ಕೊಟ್ಟ ದುಡ್ಡು ಪುಸ್ತಕಕ್ಕೆ ಬರಲಿ. ಅದರಲ್ಲಿ ಒಂದು ಪಾಲನ್ನು ಹಳೆಯ ಪುಸ್ತಕಗಳಿಗೆಂದೇ ತೆಗೆದಿಡಲಿ. 1950ಕ್ಕಿಂತ ಹಿಂದಿನ ಯಾವ ಪುಸ್ತಕವೂ ಸಾಮಾನ್ಯ ಬೈಂಡಿಂಗ್ ಟೆಂಡರ್‌ಗೆ ಹೋಗಕೂಡದು ಅಂತ ಇಲಾಖೆ ಒಂದು ಸುತ್ತೋಲೆ ಹೊರಡಿಸಿದರೆ ಅದಕ್ಕೆ ಖರ್ಚೇ ಇಲ್ಲ. ಯಾವ ಲೈಬ್ರರಿಯಲ್ಲಿ ಯಾವ ಅಪರೂಪದ ಪುಸ್ತಕ ಇದೆ ಅನ್ನುವ ಪಟ್ಟಿಯೂ ಜನರಿಗೆ ಸಿಗುವಂತಾಗಲಿ. ಬಂಗಾರಪೇಟೆಯ ಆ ಹುಡುಗನಿಗೆ ತನ್ನ ಊರಿನ ಶಾಸನ ಪಕ್ಕದ ಬೀರುವಿನಲ್ಲೇ ಇದೆ ಅಂತ ಅವತ್ತಿನವರೆಗೆ ಗೊತ್ತಿರಲಿಲ್ಲ.

ಓದುಗರಲ್ಲೂ ಒಂದು ವಿನಂತಿ. ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಪುಸ್ತಕಗಳಿದ್ದರೆ ಹಳೇ ಪೇಪರ್ ಅಂಗಡಿಗೆ ತೂಕಕ್ಕೆ ಹಾಕುವ ಮುಂಚೆ ಹತ್ತಿರದ ಲೈಬ್ರರಿಯಲ್ಲೋ ಕಾಲೇಜಿನಲ್ಲೋ ತೋರಿಸಿ. ರಟ್ಟು ಹೋಗಿದ್ದರೆ ಪರವಾಗಿಲ್ಲ. ನೀವೇ ಅಂಟು ಹಚ್ಚಲು ಹೋಗಬೇಡಿ. ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಅಗಲವಾದ ಹತ್ತಿ ಲಾಡಿಯಲ್ಲಿ ಸಡಿಲವಾಗಿ ಕಟ್ಟಿಡಿ. ರಬ್ಬರ್ ಬ್ಯಾಂಡ್ ಬೇಡ.

ನನ್ನ ಹೊಲಿಗೆ ಚೌಕಟ್ಟು, ಮರದ ಪ್ರೆಸ್ಸು, ಸೂಜಿಗಳು ಎಲ್ಲ ಮನೆಯಲ್ಲೇ ಇವೆ. ಫಾರಂ ಹೊಲಿಗೆ ಬಲ್ಲವರು ಪೇಟೆಯಲ್ಲಿ ಇನ್ನೂ ಕೆಲವರಿದ್ದಾರೆ, ಅವರನ್ನೂ ಕೇಳಿದ್ದೇನೆ, ಒಪ್ಪಿದ್ದಾರೆ. ಇಲಾಖೆ ಯಾವುದಾದರೂ ಲೈಬ್ರರಿಯಲ್ಲಿ ಒಂದು ಕೋಣೆ ಕೊಟ್ಟು, ಕಲಿಯುವ ಹುಡುಗ ಹುಡುಗಿಯರನ್ನು ಕೂರಿಸಿದರೆ ನಾವು ಬಂದು ಹೇಳಿಕೊಡುತ್ತೇವೆ. ಸಂಬಳ ಬೇಡ. ನನ್ನ ಹೆಸರು, ವಿಳಾಸ ನಿಮ್ಮ ಕಚೇರಿಗೆ ಬೇರೆಯಾಗಿ ಕೊಟ್ಟಿದ್ದೇನೆ. ಕೇಳಿದವರಿಗೆ ತಿಳಿಸಿ.

ಇಂತಿ,
ನಿವೃತ್ತ ಬುಕ್ ಬೈಂಡರ್,
ಕಾಟನ್‌ಪೇಟೆ, ಬೆಂಗಳೂರು