ನಾಲ್ಕು ಭಾಷೆಗೂ ಬೆಲೆ ಕೊಡಿ

ಸಂಪಾದಕರೇ,

ಬೆಂಗಳೂರಿನ ಕಾಲ್ ಸೆಂಟರ್ ಕೆಲಸದ ಜಾಹೀರಾತುಗಳನ್ನು ನೋಡಿ. ಜಪಾನಿಯಲ್ಲಿ ಎನ್2, ಜರ್ಮನ್‌ನಲ್ಲಿ ಬಿ2 ಮಟ್ಟದ ಭಾಷಾ ಪರೀಕ್ಷೆ ಪಾಸಾದವರಿಗೆ ಸಂಬಳ ಜಾಸ್ತಿ. ಅದು ನ್ಯಾಯವೇ, ಕಷ್ಟಪಟ್ಟು ಕಲಿತಿರುತ್ತಾರೆ. ಆದರೆ ಕನ್ನಡ, ತಮಿಳು, ತೆಲುಗು, ಹಿಂದಿ ನಾಲ್ಕೂ ಬಲ್ಲ ನಮ್ಮ ಹುಡುಗಿಯರಿಗೆ ಎಷ್ಟೋ ಕಡೆ ಭಾಷೆಯ ಲೆಕ್ಕದಲ್ಲಿ ಒಂದು ರೂಪಾಯಿಯೂ ಹೆಚ್ಚಿಗೆ ಸಿಗುವುದಿಲ್ಲ. ಕೇಳಿದರೆ, ಇವೆಲ್ಲ ತಾನಾಗೇ ಬರುವ ಭಾಷೆಗಳು ಅಲ್ವಾ ಅನ್ನುತ್ತಾರೆ!

ಹೊಸಪೇಟೆಯ ರೈತರ ವಿಮೆ ಕಂತಿನ ದೂರು ಕೇಳಿ ಸಮಾಧಾನ ಮಾಡಿ, ಫೋನ್ ಇಟ್ಟ ಕೂಡಲೇ ಮಧುರೈನ ಅಜ್ಜಿಗೆ ಒಟಿಪಿ ಯಾರಿಗೂ ಹೇಳಬೇಡಿ ಅಂತ ತಮಿಳಿನಲ್ಲಿ ಬಿಡಿಸಿ ಹೇಳುವುದು ಸುಮ್ನೆ ಆಗುವ ಕೆಲಸವಲ್ಲ. ಸೇಲ್ಸ್‌ನಲ್ಲೂ ಅಷ್ಟೇ, ಗ್ರಾಹಕರ ಭಾಷೆಯಲ್ಲಿ ಮಾತಾಡಿದರೇನೇ ವ್ಯಾಪಾರ ಕುದುರುವುದು. ಜಾಹೀರಾತಿನಲ್ಲಿ ಭಾಷೆ ಕೇಳುವ ಕಂಪನಿಗಳು ಅದಕ್ಕೆ ಎಷ್ಟು ಭತ್ಯೆ ಅಂತಲೂ ಅಲ್ಲೇ ಬರೆಯಲಿ.

– ಒಬ್ಬ ಟೀಮ್ ಲೀಡರ್, ಬೆಂಗಳೂರು