ಪ್ರಸ್ತದ ರಾತ್ರಿಯ ಬಗ್ಗೆ ಮಗಳಿಗೊಂದು ಪತ್ರ

ದಾವಣಗೆರೆ

ಪ್ರೀತಿಯ ಮಗಳೇ,

"ಪ್ರಸ್ತ ಆಗುವವರೆಗೆ ಮದುವೆ ಪೂರ್ತಿಯಾದಂತಲ್ಲ" ಎಂದು ಬೀಗರ ಕಡೆಯ ಹಿರಿಯರೊಬ್ಬರು ಹೇಳಿದರೆಂದು ಫೋನಿನಲ್ಲಿ ತಿಳಿಸಿ, ನಿಜವೇ ಅವ್ವಾ ಎಂದು ಕೇಳಿದೆ. ನಿಜವಲ್ಲ. ಇಲ್ಲಿಯ ಕೋರ್ಟಿನಲ್ಲಿ ಗಂಡ ಹೆಂಡಿರ ಮೊಕದ್ದಮೆಗಳನ್ನೇ ಹೆಚ್ಚಾಗಿ ನಡೆಸಿಕೊಂಡು ಬಂದವಳು ನಾನು. ಮಗಳೇ ಕೇಳಿದಾಗ ಒಂದು ಮಾತಿನಲ್ಲಿ ಮುಗಿಸಲು ಮನಸ್ಸು ಒಪ್ಪಲಿಲ್ಲ.

ನಮಗೆ ಅನ್ವಯಿಸುವುದು 1955ರ ಹಿಂದೂ ವಿವಾಹ ಕಾಯ್ದೆ. ವೀರಶೈವರು, ಲಿಂಗಾಯತರು ಎಂದು ಅದರ ಎರಡನೆಯ ಸೆಕ್ಷನ್ನಿನಲ್ಲೇ ಹೆಸರಿದೆ. ಏಳನೆಯ ಸೆಕ್ಷನ್ ಪ್ರಕಾರ ವಧುವಿನ ಅಥವಾ ವರನ ಕಡೆಯ ರೂಢಿಯಲ್ಲಿರುವ ಶಾಸ್ತ್ರಗಳಂತೆ ಮದುವೆ ನಡೆಯಬೇಕು. ಆ ರೂಢಿಯಲ್ಲಿ ಸಪ್ತಪದಿ ಇದ್ದರೆ ಏಳನೆಯ ಹೆಜ್ಜೆಗೆ ಮದುವೆ ಪೂರ್ಣ. ರಾತ್ರಿಯ ಮಾತೇ ಅಲ್ಲಿಲ್ಲ. ಹನ್ನೆರಡನೆಯ ಸೆಕ್ಷನ್ನಿನಲ್ಲಿ, ಎದುರಿನವರ ನಪುಂಸಕತ್ವದಿಂದ ದೇಹಸಂಬಂಧ ಆಗದೇ ಹೋದರೆ ಮದುವೆ ರದ್ದುಪಡಿಸಿ ಎಂದು ಕೇಳಲು ಅವಕಾಶವಿದೆ. ಯಾರೂ ಕೇಳದಿದ್ದರೆ ಮದುವೆ ಊರ್ಜಿತವಾಗಿಯೇ ಇರುತ್ತದೆ. ಒಪ್ಪಿಗೆಯನ್ನು ಬಲವಂತದಿಂದಲೋ ಮೋಸದಿಂದಲೋ ಪಡೆದಿದ್ದರೂ ರದ್ದು ಕೇಳಬಹುದೆಂಬ ಮಾತು ಅದೇ ಸೆಕ್ಷನ್ನಿನಲ್ಲಿದೆ. ಅದನ್ನು ಬೀಗರಿಗೆ ಯಾರೂ ನೆನಪಿಸುವುದಿಲ್ಲ.

ಹಿಂದಿನಿಂದ ಬಂದದ್ದು ಎನ್ನುವವರಿಗೆ ಇನ್ನೂ ಹಿಂದಿನದನ್ನು ಹೇಳಬೇಕು. ಮನೆಯ ಸಂಸ್ಕಾರಗಳ ವಿಧಿ ಹೇಳುವ ಹಳೆಯ ಗ್ರಂಥಗಳಾದ ಗೃಹ್ಯಸೂತ್ರಗಳು ಮದುವೆಯಾದ ದಂಪತಿಗೆ ವಿಧಿಸಿದ್ದು ಮೂರು ರಾತ್ರಿಗಳ ಬ್ರಹ್ಮಚರ್ಯವನ್ನು. ನೆಲದ ಮೇಲೆ ಮಲಗಬೇಕು, ಉಪ್ಪು ಖಾರ ಬಿಡಬೇಕು. ಇಬ್ಬರ ನಡುವೆ ಗಂಧ ಪೂಸಿ ಬಟ್ಟೆ ಸುತ್ತಿದ ಕೋಲೊಂದನ್ನು ಇಡಬೇಕೆಂದು ಅವುಗಳಲ್ಲೊಂದನ್ನು ಬರೆದ ಆಪಸ್ತಂಬ ಹೇಳುತ್ತಾನೆ. ಕಾಮಸೂತ್ರ ಬರೆದ ವಾತ್ಸ್ಯಾಯನನೂ ಈ ಮೂರು ರಾತ್ರಿಗಳನ್ನು ಒಪ್ಪಿ, ಮೊದಲು ಹೆಣ್ಣಿನ ವಿಶ್ವಾಸ ಗಳಿಸು, ಬಲವಂತ ಮಾಡಿದರೆ ಅವಳು ಗಂಡನನ್ನೇ ದ್ವೇಷಿಸುತ್ತಾಳೆ ಎಂದು ಗಂಡಿಗೆ ಎಚ್ಚರಿಕೆ ಕೊಡುತ್ತಾನೆ. ಕಾಯುವುದು ಶಾಸ್ತ್ರಕ್ಕೆ ವಿರುದ್ಧವೆಂದು ಹೇಳುವವರು ಯಾವ ಶಾಸ್ತ್ರ ಓದಿದ್ದಾರೋ.

ಮುಂದೆ ಬಾಲ್ಯವಿವಾಹ ಬೇರೂರಿತು. ಹುಡುಗಿಗೆ ಮದುವೆ ಮಾಡಿ ತವರಿನಲ್ಲೇ ಇಟ್ಟುಕೊಂಡು, ಅವಳು ಮೈನೆರೆದ ಮೇಲೆ ಮುಹೂರ್ತ ನೋಡಿ ಪ್ರಸ್ತ ಮಾಡಿ ಕಳಿಸುತ್ತಿದ್ದರು. ಎರಡು ಶಾಸ್ತ್ರಗಳ ನಡುವೆ ವರ್ಷಗಳೇ ಕಳೆಯುತ್ತಿದ್ದವು. ನಮ್ಮ ಚಿತ್ರದುರ್ಗ, ದಾವಣಗೆರೆಯೂ ಸೇರಿದ್ದ ಮೈಸೂರು ಸಂಸ್ಥಾನದಲ್ಲಿ 1894ರಲ್ಲಿ ಕಾನೂನು ಬಂದದ್ದು ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ತಡೆಯುವುದಕ್ಕೆ! ಆ ಮಕ್ಕಳಿಗಾಗಿ ಹುಟ್ಟಿದ ಎರಡನೆಯ ಮುಹೂರ್ತವನ್ನು ಓದು ಮುಗಿಸಿ ಕೆಲಸಕ್ಕೆ ಹೋಗುತ್ತಿರುವ ನಿನ್ನ ಮೇಲೆ ಏಕೆ ಹೇರಬೇಕು?

ರುಖ್ಮಾಬಾಯಿಯ ಕಥೆ ನಿನಗೆ ಗೊತ್ತಿರಲೇಬೇಕು. ಹನ್ನೊಂದು ವರ್ಷಕ್ಕೆ ಮದುವೆ. ಗಂಡನ ಮನೆಗೆ ಹೋಗಲೇ ಇಲ್ಲ. ಹೆಂಡತಿಯನ್ನು ತನ್ನ ಬಳಿಗೆ ಕಳಿಸಿ ಎಂದು 1884ರಲ್ಲಿ ಗಂಡ ದಾದಾಜಿ ಮುಂಬಯಿಯ ಹೈಕೋರ್ಟಿಗೆ ಹೋದ. ಇಷ್ಟವಿಲ್ಲದ ಹೆಣ್ಣನ್ನು ಸಂಸಾರ ಆರಂಭಿಸೆಂದು ಬಲವಂತ ಮಾಡುವುದು ಕ್ರೂರವೆಂದು ನ್ಯಾಯಮೂರ್ತಿ ಪಿನ್ಹೆ 1885ರಲ್ಲಿ ದಾವೆಯನ್ನು ತಳ್ಳಿಹಾಕಿದರು. ಮೇಲ್ಮನವಿಯಲ್ಲಿ ಅದು ತಿರುಗಿತು. 1887ರಲ್ಲಿ ಬಂದ ಆದೇಶ: ಗಂಡನ ಬಳಿಗೆ ಹೋಗು, ಇಲ್ಲವೇ ಆರು ತಿಂಗಳು ಜೈಲು. ಜೈಲಿಗೆ ಹೋಗುತ್ತೇನೆ ಎಂದಳು ಆಕೆ. 1888ರಲ್ಲಿ ಎರಡು ಸಾವಿರ ರೂಪಾಯಿ ಪಡೆದು ದಾದಾಜಿ ರಾಜಿಯಾದ. ಆಕೆ ಲಂಡನ್ನಿಗೆ ಹೋಗಿ ವೈದ್ಯೆಯಾಗಿ ಮರಳಿ ಸೂರತ್, ರಾಜಕೋಟೆಗಳಲ್ಲಿ ಹೆಂಗಸರಿಗೆ ಚಿಕಿತ್ಸೆ ಕೊಟ್ಟಳು. ಆ ದಾವೆಯ ನೆರಳು ನಮ್ಮ ಕಾಯ್ದೆಯ ಒಂಬತ್ತನೆಯ ಸೆಕ್ಷನ್ನಿನಲ್ಲಿ ಇವತ್ತಿಗೂ ಇದೆ: ಕಾರಣವಿಲ್ಲದೆ ದೂರವಾದ ಗಂಡನನ್ನೋ ಹೆಂಡತಿಯನ್ನೋ ಮರಳಿ ಸಂಸಾರಕ್ಕೆ ಬರಲು ಹೇಳಿ ಎಂದು ಕೋರ್ಟನ್ನು ಕೇಳಬಹುದು. ಜೈಲಿನ ಭಯ ಈಗಿಲ್ಲ, ಆದರೆ ಆಸ್ತಿ ಜಪ್ತಿ ಮಾಡಿಸಬಹುದು. ಅದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಯುರೋಪಿನವರೂ ಕಡಿಮೆಯೇನಲ್ಲ. 1490ರಲ್ಲಿ ಈಗಿನ ಫ್ರಾನ್ಸಿನಲ್ಲಿರುವ ಬ್ರಿಟನಿಯ ಒಡತಿ ಆನ್ ಎಂಬ ಹುಡುಗಿಗೂ ಆಸ್ಟ್ರಿಯದ ದೊರೆ ಮ್ಯಾಕ್ಸಿಮಿಲಿಯನ್‌ಗೂ ಮದುವೆಯಾದಾಗ, ವರನ ಪ್ರತಿನಿಧಿ ಬಂದು ಎಲ್ಲರೆದುರು ತನ್ನ ಬರಿಗಾಲನ್ನು ಅವಳ ಹಾಸಿಗೆಗಿಟ್ಟು ಶಾಸ್ತ್ರ ಮುಗಿಸಿದ. ಆ ಶಾಸ್ತ್ರವೂ ಮದುವೆಯನ್ನು ಉಳಿಸಲಿಲ್ಲ, ಮರುವರ್ಷವೇ ಅವಳು ಫ್ರಾನ್ಸಿನ ರಾಜನ ರಾಣಿಯಾದಳು.

ಹಾಸಿಗೆಯ ಬಟ್ಟೆ ನೋಡಿ ಹೆಣ್ಣಿನ ಶೀಲ ಅಳೆಯುವ ಹೀನ ಪದ್ಧತಿಯೂ ಹಲವು ನಾಡುಗಳಲ್ಲಿತ್ತು. ಕನ್ಯತ್ವ ಪರೀಕ್ಷೆಗೆ ವೈಜ್ಞಾನಿಕ ಆಧಾರವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಯಾರಾದರೂ ಆ ಮಾತೆತ್ತಿದರೆ ನನಗೆ ತಕ್ಷಣ ಫೋನ್ ಮಾಡು.

ಕಾನೂನು ಎಲ್ಲ ಕಡೆ ನಿನ್ನ ಪರವಾಗಿದೆ ಎಂದು ಹೇಳಲಾರೆ. ಹದಿನೆಂಟು ತುಂಬಿದ ಹೆಂಡತಿಯ ಮೇಲೆ ಗಂಡ ಮಾಡುವ ಬಲವಂತವನ್ನು ದಂಡಸಂಹಿತೆ ಇನ್ನೂ ಅತ್ಯಾಚಾರವೆಂದು ಕರೆಯುವುದಿಲ್ಲ. ಆದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಲೈಂಗಿಕ ದೌರ್ಜನ್ಯವೂ ಸೇರಿದೆ. ಆ ದಾರಿ ತೆರೆದಿದೆ. ಇನ್ನೊಂದು ಮಾತು. ಕಾರಣವಿಲ್ಲದೆ ದೀರ್ಘಕಾಲ ಸಂಬಂಧ ನಿರಾಕರಿಸುವುದು ಮಾನಸಿಕ ಕ್ರೌರ್ಯವಾಗಬಹುದೆಂದು ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿದೆ. ಅದು ಗಂಡಿಗೂ ಹೆಣ್ಣಿಗೂ ಒಂದೇ. ಪರಸ್ಪರ ಅರಿಯಲು ನೀವು ತೆಗೆದುಕೊಳ್ಳುವ ಸಮಯಕ್ಕೆ ಅದನ್ನು ಅಂಟಿಸಿ ಹೆದರಿಸಲು ಬಂದರೆ ಹೆದರಬೇಡ.

ಹುಡುಗನಿಗೂ ಈ ಪತ್ರ ಓದಲು ಕೊಡು. ಅವನು ತಿಳಿದವನು, ಅವನ ಮೇಲೂ ಇದೇ ಒತ್ತಡ ಇರುತ್ತದೆ. ಬೀಗರೊಂದಿಗೆ ನಾನೇ ಮಾತನಾಡುತ್ತೇನೆ. ಹೆಂಗಸರು ಸೋಬಾನೆ ಹಾಡಲಿ, ಬಾಗಿಲಲ್ಲಿ ತಡೆದು ಒಡಪು ಹೇಳಿಸಲಿ, ಅದೆಲ್ಲ ಚೆಂದ. ಪಂಚಾಂಗ ನೋಡಿ ಪ್ರಸ್ತದ ಮುಹೂರ್ತ ಇಡುವುದು ಬೇಡ, ಬೆಳಿಗ್ಗೆ ಯಾರೂ ನಿಮ್ಮನ್ನು ಏನನ್ನೂ ಕೇಳುವುದು ಬೇಡ. ಒಪ್ಪದಿದ್ದರೆ ಆ ರಾತ್ರಿ ಇಬ್ಬರೂ ನಮ್ಮ ಮನೆಗೆ ಬಂದುಬಿಡಿ, ಮಹಡಿಯ ಕೋಣೆ ಖಾಲಿಯಿದೆ. ಲಗ್ನಪತ್ರಿಕೆ, ವಯಸ್ಸಿನ ದಾಖಲೆ, ಫೋಟೊಗಳನ್ನು ಈಗಲೇ ಎತ್ತಿಡು. ಮದುವೆಯ ಮರುವಾರವೇ ನೋಂದಣಿ ಮಾಡಿಸೋಣ.

ನಿನ್ನ
ಅವ್ವ